ಮಳೆಗಾಲದಲ್ಲಿ ಓದಿದ ಭಯದ ಪುಸ್ತಕಗಳು



ನಮ್ಮ ಕರಾವಳಿಯ ಮಳೆಗಾಲವನ್ನು ಕಂಡವರಿಗೆ ನಾನು ಹೆಚ್ಚು ವಿವರಿಸಬೇಕಾಗಿಲ್ಲ. ಜೂನ್ ತಿಂಗಳಲ್ಲಿ ಹಿಡಿದ ಮಳೆ ಚೌತಿ ಬಂದರೂ ಬಿಡುವುದಿಲ್ಲ. ಬಟ್ಟೆ ಒಣಗುವುದಿಲ್ಲ, ಕರೆಂಟು ನಿಲ್ಲುವುದಿಲ್ಲ, ಪಾಚಿಗಟ್ಟಿದ ಅಂಗಳದಲ್ಲಿ ಕಾಲಿಡುವ ಧೈರ್ಯ ನನ್ನ ಪ್ರಾಯದವರಿಗೆ ಇರುವುದಿಲ್ಲ. ಇಂಥ ದಿನಗಳಲ್ಲಿ ಮನೆಯೊಳಗೆ ಕೂತವರಿಗೆ ಎರಡೇ ಕೆಲಸ: ಹಲಸಿನ ಹಪ್ಪಳ ಸುಟ್ಟು ತಿನ್ನುವುದು, ಪುಸ್ತಕ ಓದುವುದು. ಕಳೆದ ಮಳೆಗಾಲದಲ್ಲಿ ಈ ಎರಡನ್ನೂ ನಾನು ಧಾರಾಳವಾಗಿ ಮಾಡಿದೆ. ಓದಿದ್ದೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಪುಸ್ತಕಗಳು: ಪತ್ತೇದಾರಿ ಕಾದಂಬರಿಗಳು ಮತ್ತು ಭಯಾನಕ ಕಥೆಗಳು. ಕೆಲವು ಹೊಸತಾಗಿ ಓದಿದವು. ಹೆಚ್ಚಿನವು ನಲುವತ್ತು ವರ್ಷಗಳ ಹಿಂದೆ ಓದಿ ಬದಿಗಿಟ್ಟು ಈಗ ಮತ್ತೆ ತೆರೆದವು.

ನಾನು ವಿಮರ್ಶಕಳಲ್ಲ. ಕಾರ್ಕಳದ ಬಳಿಯ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಆದುದರಿಂದ ಇಲ್ಲಿ ಹೇಳುವುದು ಒಬ್ಬ ಸಾಮಾನ್ಯ ಓದುಗಳ ಅಭಿಪ್ರಾಯ ಮಾತ್ರ. ತಮಗೆ ಒಪ್ಪಿಗೆಯಾಗದಿದ್ದರೆ ನನಗೆ ಬೇಸರವಿಲ್ಲ. ಆದರೆ ಈ ಪುಸ್ತಕಗಳ ವಿಷಯದಲ್ಲಿ ನನ್ನದೊಂದು ಹಳೆಯ ಲೆಕ್ಕ ಬಾಕಿ ಇದೆ. ಮಾತಿನ ನಡುವೆ ಅದನ್ನೂ ಹೇಳಬೇಕೆಂದಿದ್ದೇನೆ.

ನನ್ನ ಹುಟ್ಟೂರು ಕಾಪು. ಅಲ್ಲಿ ಸಮುದ್ರದ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ಲೈಟ್‌ಹೌಸನ್ನು ನೀವು ನೋಡಿರಬಹುದು. ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ವಿದ್ಯುತ್ ಬಂದಿರಲಿಲ್ಲ. ಚಿಮಿಣಿ ದೀಪದ ಎದುರು ಕೂತರೆ, ಹೊರಗೆ ತೆಂಗಿನ ತೋಟದ ಮೇಲೆ ಲೈಟ್‌ಹೌಸಿನ ಬೆಳಕು ಒಮ್ಮೆ ಹಾದು ಹೋಗುವುದು, ಮತ್ತೆ ಕತ್ತಲೆ, ಮತ್ತೆ ಬೆಳಕು. ಭಯದ ಕಥೆ ಓದುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಉಂಟೇ? ಉಡುಪಿಯ ಕಾಲೇಜಿಗೆ ಹೋಗುತ್ತಿದ್ದ ಅಣ್ಣ ಅಲ್ಲಿನ ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ದಿನಕ್ಕೆ ಹತ್ತು ಪೈಸೆ ಬಾಡಿಗೆಗೆ ಪತ್ತೇದಾರಿ ಕಾದಂಬರಿ ತರುತ್ತಿದ್ದ. ಅವನು ಓದಿ ಮುಗಿಸಿ ಮಲಗಿದ ಮೇಲೆ ನನ್ನ ಸರದಿ. ಬೆಳಿಗ್ಗೆ ಅವನು ಬಸ್ಸು ಹಿಡಿಯುವ ಮೊದಲು ಮುಗಿಸಲೇಬೇಕು. ಅಪ್ಪನ ಕಣ್ಣಿಗೆ ಬಿದ್ದರೆ, "ಇದನ್ನು ಓದಿ ನೀನೇನು ಪೊಲೀಸ್ ಆಗುವುದುಂಟಾ?" ಎಂಬ ಮಾತು ತಪ್ಪುತ್ತಿರಲಿಲ್ಲ.

ಆ ಪುಸ್ತಕಗಳಲ್ಲಿ ಹೆಚ್ಚಿನವು ಎನ್. ನರಸಿಂಹಯ್ಯನವರವು. ನಾಲ್ಕನೆಯ ತರಗತಿಯವರೆಗೆ ಮಾತ್ರ ಓದಿದ್ದ ಈ ಮನುಷ್ಯ 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದರು. 'ಪತ್ತೇದಾರ ಪುರುಷೋತ್ತಮ' ಅವರ ಮೊದಲ ಕಾದಂಬರಿ. ಪುರುಷೋತ್ತಮ, ಮಧುಸೂದನ, ಅರಿಂಜಯ ಮುಂತಾದ ಅವರ ಪತ್ತೇದಾರರು ನಮಗೆ ನೆಂಟರಷ್ಟೇ ಪರಿಚಿತರಾಗಿದ್ದರು. 2011ರಲ್ಲಿ ನರಸಿಂಹಯ್ಯನವರು ತೀರಿಕೊಂಡರೆಂಬ ಸುದ್ದಿ ಓದಿದ ದಿನ ನನ್ನ ಅಣ್ಣ ಮುಂಬಯಿಯಿಂದ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ನಮಗೆ ಓದಲು ಕಲಿಸಿದ ಮೇಷ್ಟ್ರು ಹೋದರು."

ಈಗ ಅವರ ಮೂರು ಕಾದಂಬರಿಗಳನ್ನು ಮತ್ತೆ ಓದಿದೆ. ಪ್ರಾಮಾಣಿಕವಾಗಿ ಹೇಳುವುದಾದರೆ, ಆಗಿನ ರೋಮಾಂಚನ ಈಗ ಇಲ್ಲ. ವೇಷ ಮರೆಸುವುದು, ನೆಲಮಾಳಿಗೆ, ಕತ್ತಲಲ್ಲಿ ಟಾರ್ಚಿನ ಬೆಳಕು, ಸರಿಯಾದ ಹೊತ್ತಿಗೆ ಬಂದು ಒದಗುವ ಪತ್ತೇದಾರ. ಮುಂದೇನೆಂಬುದು ಹತ್ತು ಪುಟ ಮೊದಲೇ ತಿಳಿಯುತ್ತದೆ. ಆದರೆ ಎರಡು ಗುಣಗಳನ್ನು ಒಪ್ಪಲೇಬೇಕು. ಒಂದು, ಆ ಕನ್ನಡ. ಸಣ್ಣ ಸಣ್ಣ ವಾಕ್ಯಗಳು, ಎಲ್ಲಿಯೂ ತಡವರಿಸದ ಓಟ. ಅಕ್ಷರ ಕೂಡಿಸಿ ಓದುವವನನ್ನೂ ಕೊನೆಯ ಪುಟದವರೆಗೆ ಕೈ ಹಿಡಿದು ಕರೆದೊಯ್ಯುವ ಶಕ್ತಿ ಅದಕ್ಕಿತ್ತು. ಎರಡನೆಯದು, ಅಲ್ಲಿ ಎಷ್ಟೇ ದೆವ್ವದ ಸದ್ದು ಕೇಳಿಸಿದರೂ ಕೊನೆಗೆ ಬಾಗಿಲಿನ ಹಿಂದೆ ಸಿಗುತ್ತಿದ್ದವನು ಒಬ್ಬ ಮನುಷ್ಯ. ಈ ಎರಡನೆಯ ಗುಣದ ಬೆಲೆ ಎಷ್ಟೆಂಬುದು ನನಗೆ ತಡವಾಗಿ ತಿಳಿಯಿತು.

ಅದೇ ಕಾಲದ ಇನ್ನೊಬ್ಬರು ಎಂ. ರಾಮಮೂರ್ತಿಯವರು. ನಾವು ನವೆಂಬರ್ ಒಂದರಂದು ಹಾರಿಸುವ ಹಳದಿ ಕೆಂಪು ಬಾವುಟವನ್ನು ರೂಪಿಸಿದವರು ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರು ಎಂದರೆ ನನ್ನ ವಿದ್ಯಾರ್ಥಿಗಳು ನಂಬುತ್ತಿರಲಿಲ್ಲ. 'ಬಂಗಾರದ ಮನುಷ್ಯ'ದಿಂದ ಮನೆಮಾತಾದ ಟಿ. ಕೆ. ರಾಮರಾವ್ ಅವರ 'ಸೀಳು ನಕ್ಷತ್ರ', 'ಮರಳು ಸರಪಣಿ' ಮೊದಲಾದ ಕಾದಂಬರಿಗಳು ನಮ್ಮ ಕೈಗೆ ಬಂದದ್ದು ಸ್ವಲ್ಪ ತಡವಾಗಿ. ನರಸಿಂಹಯ್ಯನವರಲ್ಲಿ ಘಟನೆ ಓಡುತ್ತದೆ, ರಾಮರಾಯರಲ್ಲಿ ವಾತಾವರಣ ನಿಲ್ಲುತ್ತದೆ. ಮಂಜು, ಒಂಟಿ ಮನೆ, ಅಲ್ಲಿಗೆ ಬಂದ ಅಪರಿಚಿತ, ಇಷ್ಟರಲ್ಲೇ ಅವರು ನಮ್ಮನ್ನು ಹಿಡಿದಿಡಬಲ್ಲರು. ಮತ್ತೆ ಓದಲು ಇಬ್ಬರಲ್ಲಿ ಯಾರೆಂದು ಕೇಳಿದರೆ ನಾನು ರಾಮರಾಯರನ್ನೇ ಹೇಳುತ್ತೇನೆ.

ಬಾಡಿಗೆ ಪುಸ್ತಕದ ಒಂದು ಸಂಕಟವನ್ನು ಇಲ್ಲಿ ಹೇಳಬೇಕು. ಎಷ್ಟೋ ಸಲ ಕೊನೆಯ ಹಾಳೆಯೇ ಇರುತ್ತಿರಲಿಲ್ಲ. ಯಾರೋ ಕಿಡಿಗೇಡಿ ಕಿತ್ತಿರುತ್ತಿದ್ದ, ಇಲ್ಲವೇ ನೂಲು ಸಡಿಲವಾಗಿ ಬಿದ್ದುಹೋಗಿರುತ್ತಿತ್ತು. ಆಗ ಅಣ್ಣನೂ ನಾನೂ ಕೂತು ಕೊಲೆಗಾರ ಯಾರಿರಬಹುದೆಂದು ಜಗಳವಾಡುತ್ತಿದ್ದೆವು. ನನಗೆ ಯಾರನ್ನು ಕಂಡರಾಗದೋ ಅವರೇ ಕೊಲೆಗಾರರೆಂದು ನನ್ನ ವಾದ. ಅವನು ಮಾತ್ರ ಹಿಂದಿನ ಪುಟಗಳನ್ನು ತಿರುವಿ, "ಅವಳು ಆ ದಿನ ಊರಲ್ಲೇ ಇರಲಿಲ್ಲ ನೋಡು" ಎಂದು ತೋರಿಸುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು.

ಇನ್ನು ಭಯಾನಕ ಪುಸ್ತಕಗಳಿಗೆ ಬರೋಣ. ಇಲ್ಲಿ ನಮ್ಮ ತುಳುನಾಡಿನವರಿಗೆ ಒಂದು ವಿಶೇಷ ತೊಡಕು ಉಂಟು. ಘಟ್ಟದ ಮೇಲಿನ ಲೇಖಕರು ಭೂತ ಎಂದು ಬರೆದರೆ ಓದುಗ ನಡುಗಬೇಕು. ನಮಗೆ ಭೂತವೆಂದರೆ ದೈವ. ವರ್ಷಕ್ಕೊಮ್ಮೆ ಕೋಲ ಕಟ್ಟಿಸಿ, ಎದುರು ನಿಂತು ಕಷ್ಟಸುಖ ಹೇಳಿಕೊಂಡು, ಅದರ ಮಾತನ್ನು ತೀರ್ಪೆಂದು ತಲೆಯ ಮೇಲೆ ಹೊತ್ತುಕೊಳ್ಳುವ ಊರು ನಮ್ಮದು. ಸತ್ತವರ ಆತ್ಮಕ್ಕೆ ನಮ್ಮಲ್ಲಿ ಬೇರೆ ಶಬ್ದವಿದೆ, ಕುಲೆ ಎಂದು. ಆ ಕುಲೆಯೂ ಪರಕೀಯವಲ್ಲ. ಆಟಿ ತಿಂಗಳಲ್ಲಿ ಅವರಿಗೆಂದು ಎಲೆ ಹಾಕಿ ಬಡಿಸುತ್ತೇವೆ. ಸಣ್ಣ ಪ್ರಾಯದಲ್ಲಿ ತೀರಿಕೊಂಡ ಮಕ್ಕಳಿಗೆ ಕಾಲ ಬಂದಾಗ ಸಂಬಂಧ ನೋಡಿ ಮದುವೆ ಮಾಡುವ ಪದ್ಧತಿಯೂ ಇದೆ. ಸತ್ತ ಮಗಳಿಗೆ ಸೀರೆ ತೆಗೆಯುವ ತಾಯಿಗೆ ದೆವ್ವದ ಕಥೆ ಹೇಳಿ ಹೆದರಿಸುವುದು ಹೇಗೆ?

ಇದನ್ನು ನೆನೆದುಕೊಂಡೇ ಬ್ರಾಮ್ ಸ್ಟೋಕರ್‌ನ 'ಡ್ರಾಕುಲಾ' ಓದಿದೆ. 1897ರ ಪುಸ್ತಕ. ದಿನಚರಿ, ಪತ್ರ, ಪತ್ರಿಕೆಯ ಸುದ್ದಿ, ಇವುಗಳನ್ನೇ ಪೋಣಿಸಿ ಕಥೆ ಹೇಳಿದ ಜಾಣ್ಮೆಗೆ ತಲೆದೂಗಿದೆ. ಮೊದಲ ನೂರು ಪುಟಗಳಂತೂ ಅದ್ಭುತ. ಅಲ್ಲಿಂದ ಮುಂದೆ ಅದು ಸ್ವಲ್ಪ ಉದ್ದವಾಯಿತೆಂಬುದು ನನ್ನ ಅಭಿಪ್ರಾಯ. ಆದರೆ ಗಮನಿಸಿ, ಆ ಭಯ ದೂರದ ದೇಶದಿಂದ ಹಡಗು ಹತ್ತಿ ಬರುತ್ತದೆ. ಅವರ ಭಯ ಹೊರಗಿನವನದ್ದು. ನಮ್ಮದು ಹಾಗಲ್ಲ. ನಮ್ಮಲ್ಲಿ ಸತ್ತವರಿಗೆ ಹೆದರುವುದಕ್ಕಿಂತ ಬದುಕಿರುವ ನೆರೆಯವರಿಗೆ ಹೆದರುವುದೇ ಹೆಚ್ಚು. ಯಾರು ಕಣ್ಣು ಹಾಕಿದರು, ಯಾರು ಮಾಟ ಮಾಡಿಸಿದರು, ಯಾರು ಕೊಟ್ಟ ತಿಂಡಿಯಲ್ಲಿ ಏನಿತ್ತು! ಕರಾವಳಿಯ ಈ ಭಯವನ್ನು ಕನ್ನಡ ದೂರದರ್ಶನದಲ್ಲಿ ಕಂಡವರು 1990ರ ದಶಕದ ಆರಂಭದ 'ಗುಡ್ಡದ ಭೂತ' ಧಾರಾವಾಹಿಯನ್ನು ಮರೆತಿರಲಾರರು. ಮೂಲ್ಕಿಯ ಸದಾನಂದ ಸುವರ್ಣರು ನಿರ್ದೇಶಿಸಿದ್ದು, ಪ್ರಕಾಶ್ ರೈ ನಟಿಸಿದ್ದು. ಅದರ ಹಾಡಿನ ಜಾಡು 2015ರ 'ರಂಗಿತರಂಗ' ಚಿತ್ರದಲ್ಲಿ ಮತ್ತೆ ಕೇಳಿಬಂದಾಗ ನಮ್ಮ ಮನೆಯ ಹಿರಿಯರೆಲ್ಲ ಒಮ್ಮೆಗೇ ಬೆನ್ನು ನೆಟ್ಟಗೆ ಮಾಡಿ ಕೂತದ್ದು ನನಗೆ ನೆನಪಿದೆ. ಸುವರ್ಣರು 2024ರಲ್ಲಿ ತೀರಿಕೊಂಡರು.

ಈಗ ನನ್ನ ಹಳೆಯ ಲೆಕ್ಕದ ವಿಷಯ.

ಯಂಡಮೂರಿ ವೀರೇಂದ್ರನಾಥರ 'ತುಳಸಿದಳ' ತೆಲುಗಿನಿಂದ ಕನ್ನಡಕ್ಕೆ ಬಂದು ಮನೆಮನೆಯಲ್ಲೂ ಓದಿಸಿಕೊಂಡ ಕಾದಂಬರಿ. 1985ರಲ್ಲಿ ಕನ್ನಡದಲ್ಲಿ ಚಲನಚಿತ್ರವೂ ಆಯಿತು. ಆಸ್ತಿಯ ಆಸೆಗಾಗಿ ತುಳಸಿಯೆಂಬ ಪುಟ್ಟ ಹುಡುಗಿಯ ಮೇಲೆ ಕಾಷ್ಮೋರಾ ಎಂಬ ಕ್ಷುದ್ರ ಪ್ರಯೋಗ ನಡೆಯುವುದು ಅದರ ವಸ್ತು. ಚಿತ್ರ ಬಂದ ಮಳೆಗಾಲದಲ್ಲಿ ಆ ಪುಸ್ತಕ ನಮ್ಮ ಮನೆಗೂ ಬಂತು. ನಾನಾಗ ಹೊಸತಾಗಿ ಕೆಲಸಕ್ಕೆ ಸೇರಿದ್ದೆ. ರಾತ್ರಿ ಊಟವಾದ ಮೇಲೆ ಅಮ್ಮ, ಚಿಕ್ಕಮ್ಮ, ಮಕ್ಕಳನ್ನೆಲ್ಲ ಕೂರಿಸಿಕೊಂಡು ದಿನಕ್ಕೆರಡು ಅಧ್ಯಾಯ ನಾನೇ ಗಟ್ಟಿಯಾಗಿ ಓದುತ್ತಿದ್ದೆ. ಕೇಳುವವರು ಹೆದರಿದಷ್ಟೂ ನನಗೆ ಹುರುಪು.

ಚಿಕ್ಕಮ್ಮನ ಮಗಳಿಗೆ ಆಗ ಹತ್ತು ವರ್ಷ. ಒಂದು ಸಂಜೆ ಪಕ್ಕದ ಮನೆಯ ದೊಡ್ಡಮ್ಮ ಹಲಸಿನ ಹಣ್ಣಿನ ಗಟ್ಟಿ ಮಾಡಿ ತಂದುಕೊಟ್ಟರು. ದೊಡ್ಡಮ್ಮ ಎಂದು ಕರೆಯುತ್ತಿದ್ದೆವೇ ಹೊರತು ಸಂಬಂಧವೇನೂ ಇರಲಿಲ್ಲ. ಗಂಡ ಇಲ್ಲದ, ಮಕ್ಕಳಿಲ್ಲದ ಒಂಟಿ ಹೆಂಗಸು. ಬಸಳೆ ಚಿಗುರಿದರೆ ಮೊದಲ ಕಟ್ಟು ನಮ್ಮ ಮನೆಗೇ. ಹುಡುಗಿ ಗಟ್ಟಿ ತಿಂದು ಮಲಗಿದಳು. ಅದೇ ರಾತ್ರಿ ಅವಳ ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂದು, ಕಣ್ಣು ಮೇಲಾಯಿತು. ಎರಡು ಮೂರು ನಿಮಿಷ ಇರಬಹುದು, ನಮಗೆ ಒಂದು ಯುಗವಾಯಿತು. ಯಾರೋ ಅವಳ ಮುಷ್ಟಿಗೆ ಬೀಗದ ಕೈ ತುರುಕಿದರು. ಅವಳು ಸುಧಾರಿಸಿಕೊಂಡು ನಿದ್ದೆ ಹೋದ ಮೇಲೆ ಎಲ್ಲರೂ ಮೌನವಾಗಿ ಕೂತಿದ್ದಾಗ ಒಂದು ಮಾತು ಕೇಳಿಸಿತು: "ತುಳಸಿಗೆ ಆದ ಹಾಗೆಯೇ ಅಲ್ಲವಾ?" ಆ ಮಾತನ್ನು ಆಡಿದವಳು ನಾನು.

ಅಷ್ಟು ಸಾಕಾಯಿತು. ಬೆಳಿಗ್ಗೆಯಾಗುವುದರೊಳಗೆ ಗಟ್ಟಿಯ ನೆನಪು ಎಲ್ಲರಿಗೂ ಬಂದಿತ್ತು. ಕವಡೆ ಪ್ರಶ್ನೆ ಇಡಿಸಿದರು. ಹೆಸರು ಹೇಳದಿದ್ದರೂ 'ಹತ್ತಿರದ ಮನೆ, ಒಂಟಿ ಹೆಂಗಸು' ಎಂಬ ಉತ್ತರ ಬಂತು. ಕೇಳಿದವರ ಬಾಯಿಂದಲೇ ಹೊರಟ ಉತ್ತರ ಅದೆಂದು ಈಗ ನನಗೆ ಗೊತ್ತು. ನೂಲು ಕಟ್ಟಿಸಿದರು, ಹೋಮ ಮಾಡಿಸಿದರು, ಮಂತ್ರವಾದಿ ಬಂದು ಹೋದ. ಹುಡುಗಿಯನ್ನು ಶಾಲೆ ಬಿಡಿಸಿದರು. ಆರು ತಿಂಗಳಲ್ಲಿ ಹನ್ನೊಂದು ಸಲ ಅವಳಿಗೆ ಹಾಗಾಯಿತು. ಒಮ್ಮೆ ಬಚ್ಚಲ ಒಲೆಯ ಬಳಿ ಬಿದ್ದು ಎಡಗೈ ಸುಟ್ಟುಕೊಂಡಳು. ಆ ಕಲೆ ಇಂದಿಗೂ ಇದೆ. ಪಕ್ಕದ ದೊಡ್ಡಮ್ಮನಿಗೆ ಯಾರೂ ಏನೂ ಹೇಳಲಿಲ್ಲ. ಆದರೆ ಅವರು ತಂದ ಬಸಳೆಯನ್ನು ಅಮ್ಮ ತೆಗೆದುಕೊಂಡು ಹಿತ್ತಲಲ್ಲಿ ಬಿಸಾಡಿದ್ದು ಅವರ ಕಣ್ಣಿಗೆ ಬಿತ್ತು. ಮತ್ತೆ ಅವರು ಬರಲಿಲ್ಲ.

ಕೊನೆಗೆ ಮುಂಬಯಿಯಿಂದ ರಜೆಗೆ ಬಂದ ಅಣ್ಣ ಗಲಾಟೆ ಮಾಡಿ ಹುಡುಗಿಯನ್ನು ಮಣಿಪಾಲಕ್ಕೆ ಕರೆದುಕೊಂಡು ಹೋದ. ಅಲ್ಲಿಯ ವೈದ್ಯರು ಮೊದಲು ಕೇಳಿದ ಪ್ರಶ್ನೆಗಳು ನನಗೆ ಈಗಲೂ ನೆನಪಿವೆ. ಯಾವ ಹೊತ್ತಿಗೆ ಬರುತ್ತದೆ? ಎಷ್ಟು ನಿಮಿಷ? ಮೊದಲು ಯಾವ ಕೈ ಸೆಳೆಯುತ್ತದೆ? ಹಿಂದೆ ಜ್ವರದಲ್ಲಿ ಹೀಗಾದದ್ದುಂಟೆ? ನೋಡಿದವರು ಯಾರು? ಗಟ್ಟಿ ತಿಂದ ದಿನಕ್ಕಿಂತ ಒಂದು ತಿಂಗಳು ಮೊದಲೇ ಶಾಲೆಯಲ್ಲಿ ಅವಳು ಆಗಾಗ ಒಂದು ಕ್ಷಣ ಮಾತು ನಿಲ್ಲಿಸಿ ದಿಟ್ಟಿಸುತ್ತಾ ನಿಲ್ಲುತ್ತಿದ್ದಳೆಂಬ ಸಂಗತಿ ಆಗಲೇ ಹೊರಬಿದ್ದದ್ದು. ಅದುವರೆಗೆ ಯಾರೂ ಅವಳನ್ನು ಕೇಳಿರಲೇ ಇಲ್ಲ! ತಲೆಗೆ ತಂತಿ ಹಚ್ಚಿ ಇ.ಇ.ಜಿ. ತೆಗೆದರು. ಅಪಸ್ಮಾರ ಎಂದರು. ಮಾತ್ರೆ ಕೊಟ್ಟರು. ಒಂದೂ ದಿನ ತಪ್ಪಿಸಬಾರದೆಂದರು. ಎರಡು ತಿಂಗಳಲ್ಲಿ ಹಿಡಿತಕ್ಕೆ ಬಂತು. ಅವಳು ಮತ್ತೆ ಶಾಲೆಗೆ ಹೋದಳು, ಪದವಿ ಮುಗಿಸಿದಳು, ಈಗ ಎರಡು ಮಕ್ಕಳ ತಾಯಿ. ಒಂದು ವರ್ಷದ ಓದು ಹೋದದ್ದು ಹೋಯಿತು.

ಈ ಮಳೆಗಾಲದಲ್ಲಿ ನಾನು 'ತುಳಸಿದಳ'ವನ್ನು ಮತ್ತೆ ಓದಿದೆ. ಕೈಗೆತ್ತಿಕೊಳ್ಳಲು ಧೈರ್ಯ ಬರಲು ಇಷ್ಟು ವರ್ಷ ಬೇಕಾಯಿತು. ಬೈಯಬೇಕೆಂದೇ ಕೂತಿದ್ದೆ. ಆದರೆ ನ್ಯಾಯವಾಗಿ ಹೇಳಬೇಕಾದರೆ, ಅದು ಕೈಚಳಕವಿರುವ ಲೇಖಕನ ಕೃತಿ. ಓದುಗನನ್ನು ಹಿಡಿದಿಡುವ ವಿದ್ಯೆ ಅವರಿಗೆ ಸಿದ್ಧಿಸಿದೆ. ಮಾಟದ ವಿವರದ ಜೊತೆಗೇ ವೈದ್ಯಶಾಸ್ತ್ರ, ಮನಶ್ಶಾಸ್ತ್ರಗಳ ಮಾತೂ ಅಲ್ಲಿ ಬರುತ್ತದೆ. ಓದುಗನಿಗೆ ಎರಡು ಬಾಗಿಲುಗಳನ್ನು ತೆರೆದಿಟ್ಟಿದ್ದಾರೆ. ನನ್ನ ಆಕ್ಷೇಪವಿರುವುದು ಇಲ್ಲಿಯೇ. ಹೆದರಿದವನ ಕಣ್ಣಿಗೆ ಎರಡು ಬಾಗಿಲು ಕಾಣುವುದಿಲ್ಲ. ದೀಪದ ಬುಡದಲ್ಲಿ ಕೂತು ಕೇಳಿದ ನಮ್ಮ ಮನೆಯ ಹೆಂಗಸರಿಗೆ ವೈದ್ಯರ ಮಾತು ಒಂದೂ ನೆನಪಿರಲಿಲ್ಲ. ಕಾಷ್ಮೋರಾ ಎಂಬ ಶಬ್ದ ಮಾತ್ರ ನೆನಪಿತ್ತು. ತಪ್ಪು ಪುಸ್ತಕದ್ದೋ, ಓದಿದವಳದ್ದೋ ಎಂದು ಕೇಳಿದರೆ, ಹೆಚ್ಚಿನ ಪಾಲು ಓದಿದವಳದ್ದು ಎಂದೇ ನನ್ನ ಉತ್ತರ. ಪುಸ್ತಕ ಕಥೆಯೆಂದು ಹೇಳಿಕೊಂಡೇ ಬಂದಿತ್ತು. ಅದನ್ನು ಮನೆಯ ಮಗುವಿನ ಮೇಲೆ ಹೊದೆಸಿದವಳು ನಾನು.

ಇದಾದ ಮೇಲೆ ಪತ್ತೇದಾರಿ ಕಥೆಗಳನ್ನು ನಾನು ಬೇರೆ ರೀತಿಯಲ್ಲಿ ಓದತೊಡಗಿದೆ. ಎಡ್ಗರ್ ಅಲನ್ ಪೋ 1841ರಲ್ಲಿ ಬರೆದ ಕಥೆಯಿಂದ ಈ ಪ್ರಕಾರ ಆರಂಭವಾಯಿತೆಂದು ಹೇಳುತ್ತಾರೆ. ಅದನ್ನು ಲೋಕಪ್ರಿಯಗೊಳಿಸಿದ ಷೆರ್ಲಾಕ್ ಹೋಮ್ಸ್ ಹುಟ್ಟಿದ್ದು 1887ರಲ್ಲಿ. ಅವನ ಸೃಷ್ಟಿಕರ್ತ ಕಾನನ್ ಡಾಯ್ಲ್ ಸ್ವತಃ ವೈದ್ಯ. ಎಡಿನ್‌ಬರೋದಲ್ಲಿ ತನಗೆ ಪಾಠ ಹೇಳಿದ ಜೋಸೆಫ್ ಬೆಲ್ ಎಂಬ ಶಸ್ತ್ರವೈದ್ಯರನ್ನು ಕಂಡೇ ಅವನು ಹೋಮ್ಸ್‌ನನ್ನು ರೂಪಿಸಿದ. ರೋಗಿ ಬಾಯಿ ತೆರೆಯುವ ಮೊದಲೇ ಅವನ ನಡಿಗೆ, ಕೈ, ಬಟ್ಟೆ ನೋಡಿ ಬೆಲ್ ವಿಷಯ ಹೇಳಬಲ್ಲವರಾಗಿದ್ದರಂತೆ. ಅಂದರೆ ಪತ್ತೇದಾರನ ವಿದ್ಯೆ ಮೂಲದಲ್ಲಿ ವೈದ್ಯನ ವಿದ್ಯೆ. ಮೊದಲು ನೋಡು, ಆಮೇಲೆ ಕೇಳು, ಕೊನೆಗೆ ಹೆಸರು ಹೇಳು. ನಮ್ಮ ಮನೆಯಲ್ಲಿ ನಾವು ಮೊದಲು ಹೆಸರು ಹೇಳಿದೆವು.

'ಬಾಸ್ಕರ್ವಿಲ್ಲಿಯ ನಾಯಿ' ಮತ್ತೆ ಓದಿದಾಗ ನನಗೆ ಇಷ್ಟವಾದದ್ದು ಇದೇ. ಶಾಪ, ಬೆಂಕಿಯುಗುಳುವ ನಾಯಿ, ಜೌಗುನೆಲ, ಭಯಕ್ಕೆ ಬೇಕಾದ್ದೆಲ್ಲ ಇದೆ. ಆದರೂ ಹೋಮ್ಸ್ ಹೆಜ್ಜೆಗುರುತನ್ನು ಬಿಡುವುದಿಲ್ಲ. ಆದರೆ ಕಾನನ್ ಡಾಯ್ಲ್‌ನ ಸ್ವಂತ ಬದುಕು ನೋಡಿ. 1918ರಲ್ಲಿ ಮಗನನ್ನು ಕಳೆದುಕೊಂಡ ಅವನು ಸತ್ತವರೊಡನೆ ಮಾತನಾಡಬಹುದೆಂಬ ನಂಬಿಕೆಯ ಪ್ರಚಾರದಲ್ಲಿ ಕೊನೆಯ ವರ್ಷಗಳನ್ನು ಕಳೆದ. ಕಾಟಿಂಗ್ಲಿಯ ಇಬ್ಬರು ಹುಡುಗಿಯರು ತೆಗೆದ ಕಿನ್ನರಿಯರ ಫೋಟೋಗಳನ್ನು ನಿಜವೆಂದು 1920ರಲ್ಲಿ ಬರೆದ. ಅವು ಕಾಗದ ಕತ್ತರಿಸಿ ನಿಲ್ಲಿಸಿದ ಚಿತ್ರಗಳೆಂದು ಆ ಹುಡುಗಿಯರು 1983ರಲ್ಲಿ, ಮುದುಕಿಯರಾದ ಮೇಲೆ ಒಪ್ಪಿಕೊಂಡರು. ಹೋಮ್ಸ್‌ನನ್ನು ಸೃಷ್ಟಿಸಿದವನಿಗೇ ಹೀಗಾದರೆ ನಮ್ಮ ಅಮ್ಮ, ಚಿಕ್ಕಮ್ಮಂದಿರನ್ನು ಹಳಿಯುವುದು ಹೇಗೆ? ಬುದ್ಧಿಯಿಲ್ಲದವರು ಮಾತ್ರ ಮಾಟವನ್ನು ನಂಬುತ್ತಾರೆಂಬುದು ಸುಳ್ಳು. ದುಃಖದಲ್ಲಿರುವವರು, ಹೆದರಿರುವವರು ನಂಬುತ್ತಾರೆ.

ಅಗಾಥಾ ಕ್ರಿಸ್ಟಿಯ ಎರಡು ಕಾದಂಬರಿಗಳನ್ನು ಮಣಿಪಾಲದಲ್ಲಿ ಓದುತ್ತಿರುವ ಮೊಮ್ಮಗಳು ತಂದುಕೊಟ್ಟಳು. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಕೆಲಸ ಮಾಡಿದ್ದ ಈಕೆಗೆ ವಿಷಗಳ ಬಗ್ಗೆ ಇದ್ದ ತಿಳಿವಳಿಕೆ ಅವರ ಪುಸ್ತಕಗಳಲ್ಲಿ ಎದ್ದು ಕಾಣುತ್ತದೆ. 1926ರ 'ರೋಜರ್ ಅಕ್ರಾಯ್ಡ್ ಕೊಲೆ'ಯ ಕೊನೆಯನ್ನು ನಾನು ಹೇಳುವುದಿಲ್ಲ. ಹೇಳಿದರೆ ತಾವು ನನ್ನನ್ನು ಕ್ಷಮಿಸಲಾರಿರಿ. ಓದಿ ಮುಗಿಸಿ ಮತ್ತೆ ಮೊದಲ ಪುಟಕ್ಕೆ ಹೋದರೆ, ಎಲ್ಲವೂ ಕಣ್ಣೆದುರೇ ಇತ್ತಲ್ಲ, ನಾನೇ ನೋಡಲಿಲ್ಲವಲ್ಲ ಅನಿಸುತ್ತದೆ. ಬಂಗಾಳಿಯ ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ ಬಕ್ಷಿ 1993ರಲ್ಲಿ ದೂರದರ್ಶನದ ಮೂಲಕ ನಮ್ಮ ಮನೆಗೆ ಬಂದವನು. ಅವನಿಗೆ ಪತ್ತೇದಾರ ಎಂಬ ಶಬ್ದವೇ ಹಿಡಿಸದು. ತನ್ನನ್ನು ಸತ್ಯಾನ್ವೇಷಿ ಎಂದು ಕರೆದುಕೊಳ್ಳುತ್ತಾನೆ. ಒಳ್ಳೆಯ ಹೆಸರು.

ನಮ್ಮ ಕನ್ನಡದಲ್ಲಿ ಈ ದಾರಿಯನ್ನು ಬಹಳ ಎತ್ತರಕ್ಕೆ ಒಯ್ದವರು ಪೂರ್ಣಚಂದ್ರ ತೇಜಸ್ವಿ. 'ಚಿದಂಬರ ರಹಸ್ಯ'ದಲ್ಲಿ ಒಂದು ಸಾವಿನ ತನಿಖೆ ಇದೆ, ಏಲಕ್ಕಿ ಬೆಳೆ ಕುಸಿದದ್ದೇಕೆ ಎಂಬ ಪ್ರಶ್ನೆ ಇದೆ. ಆದರೆ ಓದುತ್ತಾ ಹೋದಂತೆ, ಗುಮಾನಿಗಳಲ್ಲೇ ಬದುಕುವ ಒಂದು ಊರು ಹೇಗೆ ತನಗೆ ತಾನೇ ಬೆಂಕಿ ಹಚ್ಚಿಕೊಳ್ಳುತ್ತದೆ ಎಂಬುದೇ ನಿಜವಾದ ರಹಸ್ಯವಾಗುತ್ತದೆ. 1987ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪತ್ತೇದಾರಿಯೆಂದರೆ ಕೆಳದರ್ಜೆಯ ಸಾಹಿತ್ಯವೆನ್ನುವವರಿಗೆ ನಾನು ಕೊಡುವ ಉತ್ತರ ಈ ಪುಸ್ತಕ. ವೇಗ 'ಜುಗಾರಿ ಕ್ರಾಸ್'ನಲ್ಲಿ ಇನ್ನೂ ಹೆಚ್ಚು. ಮೊದಲ ಸಲ ಓದುವವರಿಗೆ ಅದನ್ನೇ ಕೊಡುತ್ತೇನೆ.

ಆದರೆ ಈ ಸಲ ನನ್ನನ್ನು ಅಲುಗಿಸಿದ್ದು ಅವರು ಜಿಮ್ ಕಾರ್ಬೆಟ್‌ನಿಂದ ಕನ್ನಡಕ್ಕೆ ತಂದ 'ರುದ್ರಪ್ರಯಾಗದ ಭಯಾನಕ ನರಭಕ್ಷಕ'. 1918ರಿಂದ 1926ರವರೆಗೆ 125 ಜನರನ್ನು ಕೊಂದಿದೆಯೆಂದು ದಾಖಲಾದ ಒಂದು ಚಿರತೆಯ ನಿಜ ಕಥೆ. ನನ್ನ ಮಟ್ಟಿಗೆ ಡ್ರಾಕುಲಾಗಿಂತ ಭಯಂಕರ. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಇದು ಪ್ರಾಣಿಯಲ್ಲ, ರಾತ್ರಿ ಚಿರತೆಯಾಗುವ ಮನುಷ್ಯನೆಂದು ನಂಬಿದ ಜನ ಒಬ್ಬ ಸಾಧುವನ್ನು ಹಿಡಿದು ಕೊಲ್ಲಲು ಹೊರಡುತ್ತಾರೆ. ಅಲ್ಲಿದ್ದ ಅಧಿಕಾರಿ ಜನರನ್ನು ಮೂಢರೆಂದು ಬೈಯುವುದಿಲ್ಲ. ಇವನನ್ನು ಕಾವಲಿನಲ್ಲಿಟ್ಟು ಕೆಲವು ದಿನ ನೋಡೋಣ ಎನ್ನುತ್ತಾನೆ. ಸಾಧು ಒಳಗಿರುವಾಗಲೇ ಚಿರತೆ ಬೇರೆ ಕಡೆ ಒಬ್ಬನನ್ನು ಒಯ್ಯುತ್ತದೆ. ಸಾಧು ಬದುಕುತ್ತಾನೆ. ಈ ಪುಟ ಓದಿ ನಾನು ಪುಸ್ತಕ ಮಡಚಿ ಬಹಳ ಹೊತ್ತು ಕೂತಿದ್ದೆ. 'ಕೆಲವು ದಿನ ನೋಡೋಣ' ಎನ್ನುವವರು ಒಬ್ಬರು ಆಗ ನಮ್ಮ ಮನೆಯಲ್ಲಿ ಇದ್ದಿದ್ದರೆ!

ಈಚಿನವರಲ್ಲಿ ಕೆ. ಎನ್. ಗಣೇಶಯ್ಯನವರ 'ಕನಕ ಮುಸುಕು', 'ಕರಿಸಿರಿಯಾನ'ಗಳನ್ನು ಓದಿದೆ. ಕೃಷಿ ವಿಜ್ಞಾನಿಯಾದ ಅವರು ಶಾಸನ, ಶಿಲ್ಪ, ಇತಿಹಾಸಗಳಿಂದ ರಹಸ್ಯ ಕಟ್ಟುತ್ತಾರೆ. 1432ರಲ್ಲಿ ನಿಂತ 42 ಅಡಿಯ ಗೊಮ್ಮಟನನ್ನೂ 1586ರ ಚತುರ್ಮುಖ ಬಸದಿಯನ್ನೂ ದಿನವೂ ಕಾಣುವ ಕಾರ್ಕಳದವರಿಗೆ ಇಂಥ ಪುಸ್ತಕ ಹಿಡಿಸದೆ ಇರದು. ಪಾತ್ರಗಳು ಕೆಲವೊಮ್ಮೆ ಪಾಠ ಹೇಳುವವರಂತೆ ಮಾತನಾಡುತ್ತವೆಂಬುದು ನನ್ನ ಸಣ್ಣ ತಕರಾರು. ಆಧಾರಗಳನ್ನು ಸೂಚಿಸುವ ಅವರ ಪದ್ಧತಿ ಮೆಚ್ಚುವಂಥದು. ಯಾವುದು ದಾಖಲೆ, ಯಾವುದು ಕಲ್ಪನೆ ಎಂದು ಓದುಗ ತಾನೇ ಹುಡುಕಿಕೊಳ್ಳಬಹುದು.

ಹಾಗಾದರೆ ಭಯದ ಪುಸ್ತಕ ಓದಬಾರದೇ ಎಂದು ತಾವು ಕೇಳಬಹುದು. ಖಂಡಿತ ಓದಬೇಕು. ಭಯವನ್ನು ಕೂತಲ್ಲೇ ಅನುಭವಿಸಿ, ಪುಸ್ತಕ ಮಡಚಿ, ಎದ್ದು ಹೋಗಿ ದೀಪ ಆರಿಸಿ ಮಲಗುವ ಸುಖವನ್ನು ನಾನೇಕೆ ಬೇಡವೆನ್ನಲಿ? ಮಕ್ಕಳಿಗೆ ಓದಿ ಹೇಳುವ ಅಜ್ಜಿ ತಾತಂದಿರಿಗೆ ಮಾತ್ರ ಒಂದು ಮಾತು. ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಮಕ್ಕಳ ಜೊತೆ ಕೂತು ಮಾತನಾಡಿ. ನಿಜವಾಗಿ ಹೀಗಾದರೆ ನಾವು ಮೊದಲು ಏನು ನೋಡಬೇಕು, ಯಾರನ್ನು ಕೇಳಬೇಕು ಎಂದು ಕೇಳಿ. ಮಾಟದ ಹೆಸರಿನಲ್ಲಿ ನಡೆಯುವ ಅಮಾನವೀಯ ಕೃತ್ಯಗಳನ್ನು ತಡೆಯಲು ನಮ್ಮ ರಾಜ್ಯದಲ್ಲಿ 2017ರ ಕಾನೂನು ಇದೆ. 2020ರಿಂದ ಜಾರಿಯಲ್ಲಿದೆ. ಆದರೆ ಬಸಳೆ ಕಟ್ಟನ್ನು ಹಿತ್ತಲಿಗೆ ಎಸೆಯುವುದನ್ನು ಯಾವ ಕಾನೂನೂ ತಡೆಯಲಾರದು.

ಫಿಟ್ಸ್ ಬಂದವರನ್ನು ಕಂಡರೆ ಏನು ಮಾಡಬೇಕೆಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬೀಗದ ಕೈ ಬೇಡ, ಬಾಯಿಗೆ ಚಮಚ ಬೇಡ, ನೀರೂ ಬೇಡ. ಪೆಟ್ಟಾಗುವ ವಸ್ತುಗಳನ್ನು ದೂರ ಸರಿಸಿ, ಒಂದು ಬದಿಗೆ ಹೊರಳಿಸಿ ಮಲಗಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಕರೆದೊಯ್ಯಿರಿ. ಸರಿಯಾದ ಔಷಧಿ ಸಿಕ್ಕರೆ 100ರಲ್ಲಿ 70 ಮಂದಿಯವರೆಗೆ ಫಿಟ್ಸ್ ಇಲ್ಲದೆ ಬದುಕಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಪಕ್ಕದ ಮನೆಯ ದೊಡ್ಡಮ್ಮನ ಮಾತು ಉಳಿಯಿತು. ಹುಡುಗಿಗೆ ವಾಸಿಯಾದ ಮೇಲೂ ನಮ್ಮಲ್ಲಿ ಯಾರಿಗೂ ಅವರ ಮನೆಗೆ ಹೋಗಿ, ತಪ್ಪಾಯಿತು ಎನ್ನುವ ಧೈರ್ಯ ಬರಲಿಲ್ಲ. ನಾನು ಇಂದು, ನಾಳೆ ಎನ್ನುತ್ತಾ ಮದುವೆಯಾಗಿ ಕಾರ್ಕಳಕ್ಕೆ ಬಂದೆ. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಕಾಪುವಿಗೆ ಹೋದಾಗ ತಂಗಿ ಹೇಳಿದಳು: "ಅಕ್ಕ, ನಾನು ಶಾಲೆಗೆ ಹೋಗುವಾಗ ದೊಡ್ಡಮ್ಮ ದಿನಾ ದಣಪೆಯ ಹತ್ತಿರ ನಿಲ್ಲುತ್ತಿದ್ದರು. 'ಈಗ ಹೇಗುಂಟು ಮಗಾ, ಮಾತ್ರೆ ತಿಂದೆಯಾ' ಎಂದು ಕೇಳುತ್ತಿದ್ದರು. ಮನೆಯಲ್ಲಿ ಹೇಳಬೇಡ ಎನ್ನುತ್ತಿದ್ದರು."

ಕೊನೆಯ ಹಾಳೆಯಿಲ್ಲದ ಪುಸ್ತಕ ಹಿಡಿದು, ನನಗಾಗದವಳನ್ನೇ ಕೊಲೆಗಾರಳೆಂದು ವಾದಿಸುತ್ತಿದ್ದ ಹುಡುಗಿ ನಾನು. ಆ ಅಭ್ಯಾಸ ಎಲ್ಲಿಗೆ ಮುಟ್ಟಿತೆಂಬುದನ್ನು ತಮ್ಮ ಮುಂದೆ ಹೇಳಿಕೊಂಡಿದ್ದೇನೆ. ಈ ಬಗೆಯ ಪುಸ್ತಕಗಳನ್ನು ತಾವೂ ಓದಿ, ಸಂತೋಷಪಡಿ, ಹೆದರಿ. ಹೆಸರು ಹೇಳುವ ಮೊದಲು ಮಾತ್ರ ಹಿಂದಿನ ಪುಟಗಳನ್ನು ಒಮ್ಮೆ ತಿರುವಿ ನೋಡಿ.